ಮಗು ಎಂದಿನ ಹಾಗಿಲ್ಲ



ಇಂಗ್ಲೆಂಡಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವಾರಗಳ ಹಿಂದೆ ನನಗೊಂದು ಚಿತ್ರವನ್ನು ಕಳುಹಿಸಿದ್ದಳು. ಅದು ಅವಳ ವಾರ್ಡಿನ ಗೋಡೆಯ ಮೇಲಿನ ಒಂದು ಪ್ರಕಟಣೆ. ರೋಗಿಯ ಸ್ಥಿತಿ ಕೆಡುತ್ತಿದೆಯೆಂದು ನಿಮಗೆ ಅನ್ನಿಸಿದರೆ, ಅದನ್ನು ಹೇಳಿದ ಮೇಲೂ ಯಾರೂ ಗಮನ ಕೊಡುತ್ತಿಲ್ಲವೆಂದು ತೋರಿದರೆ, ಹಗಲಿರಲಿ ರಾತ್ರಿಯಿರಲಿ ಈ ಸಂಖ್ಯೆಗೆ ಕರೆ ಮಾಡಿ ಎಂಬುದು ಅದರ ತಾತ್ಪರ್ಯ. ಕೆಳಗೆ ಒಂದು ದೂರವಾಣಿ ಸಂಖ್ಯೆ. ಚಿತ್ರದ ಜೊತೆಗೆ ಅವಳು ಬರೆದಿದ್ದ ಮಾತು ಇಷ್ಟೇ: “ಸಾರ್, ಇದಕ್ಕೊಂದು ಇತಿಹಾಸ ಇರಲೇಬೇಕಲ್ಲವೆ? ಬರೆಯುತ್ತೀರಾ?”

ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ಪಾಣಿಪತ್ತಿನ ಯುದ್ಧಗಳನ್ನೂ ಶ್ರೀರಂಗಪಟ್ಟಣದ ಒಪ್ಪಂದವನ್ನೂ ಬಾಯಿಪಾಠ ಮಾಡಿಸಿದವನು ನಾನು. ಆಸ್ಪತ್ರೆಯ ಬಾಗಿಲಿನ ಮೇಲೆ ಬರೆದಿರುವ ‘ಭೇಟಿಯ ವೇಳೆ’ ಎಂಬ ಎರಡು ಪದಗಳಿಗೂ ಒಂದು ದೀರ್ಘವಾದ ಇತಿಹಾಸವಿದೆಯೆಂಬುದು ಅಂದು ನನಗೆ ಹೊಳೆದಿರಲಿಲ್ಲ. ಓದುತ್ತ ಹೋದಂತೆ ಈ ವಿಷಯವು ನನ್ನನ್ನು ಹಿಡಿದು ಕೂರಿಸಿತು. ಅದಕ್ಕೆ ನಮ್ಮ ಮನೆಯದೇ ಆದ ಒಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕಾಯಿಲೆಯ ಮಗುವನ್ನು ಸೇರಿಸುವುದೆಂದರೆ ಅದನ್ನು ಬಾಗಿಲಿನಲ್ಲಿಯೇ ಒಪ್ಪಿಸಿ ಹಿಂದಿರುಗುವುದು ಎಂದೇ ಅರ್ಥವಾಗಿದ್ದಿತು. 1949ರ ಸುಮಾರಿಗೆ ಲಂಡನ್ನಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಜಾರಿಯಲ್ಲಿದ್ದ ನಿಯಮಗಳನ್ನು ಇಂದು ಓದಿದರೆ ನಂಬುವುದು ಕಷ್ಟ. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯವರೆಗೆ ಮಾತ್ರ ತಂದೆತಾಯಿಯರಿಗೆ ಪ್ರವೇಶ. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ; ಸಂಜೆ ಏಳರಿಂದ ಎಂಟರ ನಡುವೆ, ಮಗು ನಿದ್ದೆಹೋದ ಮೇಲೆ, ಬಂದು ನೋಡಿಕೊಂಡು ಹೋಗಬಹುದು. ನಿದ್ದೆಯಲ್ಲಿರುವ ಮಗುವನ್ನು! ಎಚ್ಚರವಿದ್ದ ಮಗುವಿಗೆ ತಾಯಿಯ ಮುಖ ಕಾಣಬಾರದು ಎಂಬುದೇ ಅಲ್ಲಿನ ಕಟ್ಟಳೆಯ ಗುರಿ.

ಇದನ್ನು ಮಾಡಿದವರು ಕ್ರೂರಿಗಳೆಂದು ಒಮ್ಮೆಲೇ ತೀರ್ಮಾನಿಸಬೇಡಿ. ಅವರಿಗೆ ಅವರದೇ ಆದ ಎರಡು ಕಾರಣಗಳಿದ್ದವು. ಮೊದಲನೆಯದು ಸೋಂಕಿನ ಭಯ. ಪೆನಿಸಿಲಿನ್ ಬರುವುದಕ್ಕೆ ಮುಂಚೆ ಗಂಟಲಮಾರಿಯಾಗಲಿ ದಡಾರವಾಗಲಿ ಒಂದು ವಾರ್ಡನ್ನು ಹೊಕ್ಕಿತೆಂದರೆ ಹತ್ತಾರು ಹಾಸಿಗೆಗಳನ್ನು ಖಾಲಿ ಮಾಡಿಬಿಡುತ್ತಿದ್ದಿತು. ಎರಡನೆಯದು ಅವರೇ ಕಣ್ಣಾರೆ ಕಂಡದ್ದು: ತಾಯಿ ಬಂದಾಗ ಮಗು ಅಳುತ್ತದೆ, ಅವಳು ಹೊರಟಾಗ ಇನ್ನೂ ಗಟ್ಟಿಯಾಗಿ ಅಳುತ್ತದೆ; ಬಾರದೆ ಹೋದರೆ ನಾಲ್ಕಾರು ದಿನಗಳಲ್ಲಿ ‘ಹೊಂದಿಕೊಂಡು’ ಸುಮ್ಮನಾಗುತ್ತದೆ. ಅಂದಮೇಲೆ ಅಳಿಸುವವಳು ತಾಯಿಯೇ ಅಲ್ಲವೆ?

ಈ ವಾದದಲ್ಲಿ ಎಲ್ಲಿ ತಪ್ಪಿದೆಯೆಂಬುದನ್ನು ತೋರಿಸಿಕೊಟ್ಟವರು ದೊಡ್ಡ ವೈದ್ಯರಲ್ಲ. ಜೇಮ್ಸ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನ ಕಾರ್ಮಿಕ ಕುಟುಂಬದ ಮನುಷ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರೂ ಅವರ ಪತ್ನಿ ಜಾಯ್ಸ್ ಅವರೂ ಲಂಡನ್ನಿನಲ್ಲಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಗೃಹಗಳಲ್ಲಿ ಕೆಲಸಕ್ಕಿದ್ದರು. ಅನಂತರ ಸಮಾಜಕಾರ್ಯದ ತರಬೇತಿ ಪಡೆದು 1948ರಲ್ಲಿ ಟಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಜಾನ್ ಬೌಲ್ಬಿಯವರ ಜೊತೆಗೂಡಿದರು. ಅವರಿಗೆ ಒಪ್ಪಿಸಿದ ಕೆಲಸವೆಂದರೆ ಆಸ್ಪತ್ರೆಯ ವಾರ್ಡುಗಳಲ್ಲಿ ಕುಳಿತು ಪುಟ್ಟ ಮಕ್ಕಳನ್ನು ನೋಡುವುದು. ವರ್ಷಗಟ್ಟಲೆ ನೋಡಿದ ಮೇಲೆ ಅವರು ಕಂಡುಕೊಂಡದ್ದು ಮೂರು ಹಂತಗಳನ್ನು. ಮೊದಲು ಮಗು ಪ್ರತಿಭಟಿಸುತ್ತದೆ. ಆಮೇಲೆ ಹತಾಶೆಗೊಳಗಾಗುತ್ತದೆ. ಕೊನೆಗೆ ತಾಯಿಯೇ ಬೇಡವೆಂಬಂತೆ ಮುಖ ತಿರುಗಿಸಿಕೊಳ್ಳುತ್ತದೆ. ಆಸ್ಪತ್ರೆಯವರು ಯಾವುದನ್ನು ‘ಹೊಂದಿಕೊಂಡಿತು’ ಎಂದು ದಾಖಲೆಯಲ್ಲಿ ಬರೆಯುತ್ತಿದ್ದರೋ ಅದು ಆ ಮಗು ಆಸೆಯನ್ನು ಕೈಬಿಟ್ಟ ಗಳಿಗೆ.

ಇಲ್ಲಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತೆ. ಗದ್ದಲವಿಲ್ಲದ ತರಗತಿಯೇ ಒಳ್ಳೆಯ ತರಗತಿಯೆಂದು ನಂಬಿಕೊಂಡು ಬಂದವನು ನಾನೂ ಹೌದು. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತ ಹುಡುಗ ಪಾಠವನ್ನು ಕೇಳುತ್ತಿರುವನೆಂದೇ ಭಾವಿಸಿದೆ. ಅವರಲ್ಲಿ ಎಷ್ಟು ಮಂದಿ ಹಸಿವಿನಿಂದ ಸುಮ್ಮನಿದ್ದರೋ, ಎಷ್ಟು ಮಂದಿ ಮನೆಯ ಚಿಂತೆಯಿಂದ ಸುಮ್ಮನಿದ್ದರೋ, ನಿಮ್ಮಲ್ಲಿಯೇ ಕೆಲವರು ಬಲ್ಲಿರಿ.

ರಾಬರ್ಟ್‌ಸನ್ನರು ಹೇಳಿದ್ದನ್ನು ವೈದ್ಯರು ನಂಬಲಿಲ್ಲ. ಹಾಗಾಗಿ ಅವರು ಚಿತ್ರ ತೆಗೆಯಲು ನಿರ್ಧರಿಸಿದರು. ಅದಕ್ಕೆ ಮೊದಲು ಅವರು ಚಲನಚಿತ್ರದ ಕ್ಯಾಮೆರಾ ಹಿಡಿದವರೇ ಅಲ್ಲ. ಬೇಕೆಂದೇ ಅಳುಬುರುಕ ಮಗುವನ್ನು ಆರಿಸಿಕೊಂಡರೆಂಬ ಆಪಾದನೆ ಬಾರದಿರಲೆಂದು, ಆಸ್ಪತ್ರೆಗೆ ಸೇರಲಿದ್ದ ಮಕ್ಕಳ ಪಟ್ಟಿಯಿಂದ ಲೆಕ್ಕವಿಲ್ಲದೆ ಒಂದು ಹೆಸರನ್ನು ಎತ್ತಿಕೊಂಡರು. ಅತ್ತ ಹೊತ್ತನ್ನೇ ನೋಡಿ ಚಿತ್ರೀಕರಿಸಿದರೆಂದು ಯಾರೂ ಹೇಳದಿರಲೆಂದು ದಿನವೂ ಗೊತ್ತಾದ ವೇಳೆಗೆ ಕ್ಯಾಮೆರಾ ತಿರುಗಿಸಿ, ವಾರ್ಡಿನ ಗಡಿಯಾರವೂ ಚಿತ್ರದಲ್ಲಿ ಕಾಣುವಂತೆ ನೋಡಿಕೊಂಡರು. ಇತಿಹಾಸದ ವಿದ್ಯಾರ್ಥಿಗಳಿಗೆ ಆಧಾರವೆಂದರೇನು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಚೀಟಿಯಲ್ಲಿ ಬಂದ ಮಗು ಲಾರಾ, ಎರಡು ವರ್ಷ ಐದು ತಿಂಗಳಿನವಳು. ಹೊಕ್ಕುಳಿನ ಅಂಡವಾಯುವಿನ ಒಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದವಳು. ಅವಳು ಹಟಮಾರಿಯಲ್ಲ, ವಯಸ್ಸಿಗೆ ಮೀರಿದ ಸಂಯಮದ ಕೂಸು. ಅಳುವನ್ನು ನುಂಗಿಕೊಂಡು, ನಡುನಡುವೆ ಅಮ್ಮ ಎಲ್ಲಿ ಎಂದು ಮೆಲ್ಲನೆ ಕೇಳುತ್ತ, ತನ್ನ ಗೊಂಬೆಯನ್ನು ಅಪ್ಪಿಕೊಂಡಿರುತ್ತಾಳೆ. ಎಂಟನೆಯ ದಿನ ಮನೆಗೆ ಹೊರಡುವಾಗ ತಾಯಿ ಚಾಚಿದ ಕೈಯನ್ನು ಅವಳು ಹಿಡಿಯುವುದಿಲ್ಲ.

1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ಚಿತ್ರವನ್ನು ತೋರಿಸಿದಾಗ ವೈದ್ಯರೂ ನರ್ಸುಗಳೂ ಕೆರಳಿದರು. ನಮ್ಮ ವೃತ್ತಿಗೆ ಅಪಮಾನವೆಂದರು. ಈ ಮಗು ಎಲ್ಲ ಮಕ್ಕಳಂತಲ್ಲ ಎಂದರು. ಹಾಗೆ ಸಿಟ್ಟಾದವರಲ್ಲಿ ಡರ್ಮಡ್ ಮೆಕಾರ್ಥಿ ಎಂಬ ಮಕ್ಕಳ ವೈದ್ಯರೂ ಒಬ್ಬರು. ಆದರೆ ತಮ್ಮ ವಾರ್ಡಿಗೆ ಮರಳಿದ ಮೇಲೆ, ಅಲ್ಲಿಯವರೆಗೆ ಕಿವಿಗೆ ಬೀಳದಿದ್ದ ಅಳು ಅವರಿಗೆ ಕೇಳಿಸತೊಡಗಿತು. ತಮ್ಮ ಆಮರ್‌ಶಮ್ ಆಸ್ಪತ್ರೆಯಲ್ಲಿ ಅವರು ತಾಯಂದಿರು ಮಗುವಿನ ಬಳಿ ಉಳಿದುಕೊಳ್ಳಲು ಅವಕಾಶ ಮಾಡಿಕೊಟ್ಟರು. ರಾಬರ್ಟ್‌ಸನ್ನರ ಎರಡನೆಯ ಚಿತ್ರವು 1958ರಲ್ಲಿ ಸಿದ್ಧವಾದದ್ದು ಅಲ್ಲಿಯೇ. ಸಿಟ್ಟಾಗಿದ್ದವರೊಬ್ಬರು ಹೀಗೆ ಬದಲಾದದ್ದು ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಸಂಗತಿ. (ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1920ರ ದಶಕದಲ್ಲಿಯೇ ತಾಯಂದಿರನ್ನೂ ಮಗುವಿನ ಜೊತೆಗೆ ಸೇರಿಸಿಕೊಳ್ಳುತ್ತಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅವರನ್ನು ಎಲ್ಲರೂ ಹೊಗಳಿದರು, ಅನುಸರಿಸಿದವರು ಕಡಮೆ.)

1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಎಂಬ ಮೂಳೆತಜ್ಞರ ಅಧ್ಯಕ್ಷತೆಯ ಸರ್ಕಾರಿ ಸಮಿತಿಯು ತನ್ನ ವರದಿಯನ್ನು ಕೊಟ್ಟಿತು. ತಂದೆತಾಯಿಯರ ಭೇಟಿಗೆ ನಿರ್ಬಂಧವಿರಬಾರದು, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳ ಜೊತೆಗೆ ತಾಯಿಯೂ ಉಳಿಯುವಂತಾಗಬೇಕು ಎಂಬವು ಅದರ ಸಲಹೆಗಳಲ್ಲಿ ಮುಖ್ಯವಾದವು. ಸರ್ಕಾರ ಒಪ್ಪಿಕೊಂಡಿತು. ಆದರೆ ಸುತ್ತೋಲೆಯಿಂದ ಬಾಗಿಲು ತೆರೆಯುವುದಿಲ್ಲವೆಂಬುದು ಸರ್ಕಾರಿ ನೌಕರಿ ಮಾಡಿದ ನಮಗೆಲ್ಲ ತಿಳಿದದ್ದೇ. 1961ರಲ್ಲಿ ರಾಬರ್ಟ್‌ಸನ್ನರು ಅಬ್ಸರ್ವರ್ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದರು; ಬಿಬಿಸಿ ದೂರದರ್ಶನದಲ್ಲಿ ಅವರ ಚಿತ್ರಗಳ ಭಾಗಗಳು ಪ್ರಸಾರವಾದವು. ಅದನ್ನು ನೋಡಿದ ಲಂಡನ್ನಿನ ಬ್ಯಾಟರ್ಸಿ ಬಡಾವಣೆಯ ಕೆಲವು ತಾಯಂದಿರು ಸಂಘವೊಂದನ್ನು ಕಟ್ಟಿಕೊಂಡು ಊರೂರಿನ ಆಸ್ಪತ್ರೆಗಳ ಬಾಗಿಲು ಬಡಿದರು. ಬಾಗಿಲುಗಳು ಒಂದೊಂದಾಗಿ, ಎರಡು ದಶಕಗಳಿಗೂ ಹೆಚ್ಚು ಕಾಲ ತೆಗೆದುಕೊಂಡು, ತೆರೆದವು.

ಇಲ್ಲಿಗೆ ಕಥೆ ಮುಗಿಯಿತೆಂದು ಅಂದಿನವರು ಭಾವಿಸಿರಬೇಕು. ತಾಯಿ ಒಳಗೆ ಬಂದಳು, ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಸಿಕ್ಕಿತು. ಅವಳ ಮಾತಿಗೆ ಜಾಗ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈ ಮೊದಲನೆಯ ಹೋರಾಟಕ್ಕೆ ಅಷ್ಟಾಗಿ ಅವಕಾಶವೇ ಇರಲಿಲ್ಲ ಎನ್ನಬೇಕು. ನಮ್ಮ ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡನ್ನು ಕಂಡವರಿಗೆ ಗೊತ್ತು: ಮಂಚದ ಕೆಳಗೆ ಚಾಪೆ, ತಲೆದೆಸೆಯಲ್ಲಿ ಫ್ಲಾಸ್ಕು, ಕಿಟಕಿಯ ಸರಳಿಗೆ ಒಣಹಾಕಿದ ಬಟ್ಟೆ. ತಾಯಿಯಿಲ್ಲದೆ ಆ ವಾರ್ಡು ಒಂದು ಹಗಲೂ ನಡೆಯದು. ಗಂಜಿ ಕುಡಿಸುವವಳು ಅವಳೇ, ಗ್ಲೂಕೋಸ್ ಬಾಟಲಿ ಮುಗಿಯಿತೆಂದು ಓಡಿಹೋಗಿ ಹೇಳುವವಳೂ ಅವಳೇ. ಅವಳು ಅಲ್ಲಿದ್ದಳು. ಅವಳ ಮಾತನ್ನು ಕೇಳಿದವರುಂಟೆ?

ಈಗ ನಮ್ಮ ಮನೆಯ ವಿಷಯ. ಬಂಧುಗಳಲ್ಲಿ ಹಿರಿಯರಿಗೆ ಇದು ಸ್ವಲ್ಪಮಟ್ಟಿಗೆ ಗೊತ್ತು, ಪೂರ್ತಿ ಗೊತ್ತಿಲ್ಲ.

1979ರ ಮಳೆಗಾಲ. ನಮ್ಮ ಎರಡನೆಯ ಮಗಳಿಗೆ ಆಗ ಹತ್ತು ತಿಂಗಳು. ನಾಲ್ಕು ದಿನ ಜ್ವರ ಬಿಡಲಿಲ್ಲವೆಂದು ಆಸ್ಪತ್ರೆಗೆ ಸೇರಿಸಿದೆವು. ಮಳೆಗಾಲದ ಜ್ವರ, ಎರಡು ದಿನ ನೋಡೋಣ ಎಂದರು ಡಾಕ್ಟರು. ಔಷಧ ಕೊಟ್ಟಾಗ ಜ್ವರ ಇಳಿಯುವುದು, ಮತ್ತೆ ಏರುವುದು. ಎರಡನೆಯ ದಿನ ಬೆಳಿಗ್ಗೆಯಿಂದಲೇ ನನ್ನ ಹೆಂಡತಿ ಒಂದೇ ಮಾತನ್ನು ಹೇಳತೊಡಗಿದಳು: “ಮಗು ಎಂದಿನ ಹಾಗಿಲ್ಲರೀ.” ಏನಾಗಿದೆಯೆಂದು ಕೇಳಿದರೆ ಸರಿಯಾಗಿ ಹೇಳಲು ಅವಳಿಗೆ ಬಾರದು. ಸಪ್ಪಗಿದೆ ಎನ್ನುವಳು. ಕಣ್ಣು ಕೂಡಿಸುತ್ತಿಲ್ಲ ಎನ್ನುವಳು. ಡಾಕ್ಟರು ರೌಂಡ್ಸ್‌ಗೆ ಬಂದಾಗಲೂ ಅದನ್ನೇ ಹೇಳಿದಳು. ಅವರು ಚಾರ್ಟ್ ನೋಡಿದರು, ಜ್ವರ ನೂರೊಂದಕ್ಕೆ ಇಳಿದಿದ್ದಿತು. “ಇಳಿಯುತ್ತಿದೆಯಲ್ಲಮ್ಮ” ಎಂದರು. ಅವಳು ಮತ್ತೆ ಬಾಯಿ ತೆರೆದಾಗ ಅವಳನ್ನು ತಡೆದವರು ಡಾಕ್ಟರಲ್ಲ, ನಾನು. “ಹೆಂಗಸರು, ಸ್ವಲ್ಪ ಗಾಬರಿ ಜಾಸ್ತಿ, ಕ್ಷಮಿಸಿ ಡಾಕ್ಟ್ರೇ” ಎಂದು ಕೈಮುಗಿದೆ. ವಿದ್ಯಾವಂತನಾದ ಮೇಷ್ಟರು ತನ್ನ ಹೆಂಡತಿಯ ಪರವಾಗಿ ಕ್ಷಮೆ ಕೇಳಿದ! ಆ ಕ್ಷಣದಲ್ಲಿ ನನಗೆ ಮಗುವಿಗಿಂತ ಆ ಡಾಕ್ಟರ ಸಮಯವೇ ದೊಡ್ಡದಾಗಿ ಕಂಡಿತು. ಅವರನ್ನು ನಾನು ದೂರುವುದಿಲ್ಲ. ಅವರೊಬ್ಬರೇ ಅರವತ್ತಕ್ಕೂ ಹೆಚ್ಚು ರೋಗಿಗಳನ್ನು ನೋಡಬೇಕಾಗಿದ್ದ ದಿನಗಳವು.

ರಾತ್ರಿ ಪಾಳಿಗೆ ಬಂದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಸಿಸ್ಟರ್. ಹಾಸಿಗೆಯಿಂದ ಹಾಸಿಗೆಗೆ ಬರುತ್ತ ನಮ್ಮಲ್ಲಿಗೆ ಬಂದರು. ನನ್ನ ಹೆಂಡತಿ ಅದೇ ಮಾತನ್ನು ಹೇಳಿದಳು, ಈ ಬಾರಿ ನನ್ನ ಮುಖವನ್ನು ನೋಡದೆ. ಸಿಸ್ಟರ್ ಮುಂದೆ ಹೋಗಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಕೇಳಿದರು: “ಎಂದಿನ ಹಾಗಿಲ್ಲ ಅಂದ್ರೆ ಹೇಗಮ್ಮಾ? ಎಂದಿನ ಹಾಗೆ ಅಂದ್ರೆ ಹೇಗಿರ್ತಿತ್ತು?”

ಎರಡು ದಿನಗಳಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು, ನಾನೂ ಕೇಳಿರಲಿಲ್ಲ. ನನ್ನ ಹೆಂಡತಿ ಸ್ವಲ್ಪ ಯೋಚಿಸಿ ಹೇಳಿದಳು: “ಯಾವಾಗಲೂ ಎತ್ತಿಕೊಂಡರೆ ಸುಮ್ಮನಾಗ್ತಿತ್ತು ಸಿಸ್ಟರ್. ಈಗ ಎತ್ತಿಕೊಂಡರೆ ಅಳು ಹೆಚ್ಚಾಗ್ತದೆ. ಕೆಳಗೆ ಮಲಗಿಸಿದರೆ ಸುಮ್ಮನಾಗ್ತದೆ.”

ಸಿಸ್ಟರ್ ಮಗುವಿನ ನೆತ್ತಿಯ ಮೆತ್ತನೆಯ ಜಾಗದ ಮೇಲೆ ಕೈಯಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಮಾತಾಡದೆ ಎದ್ದುಹೋಗಿ ವಾರ್ಡ್‌ಬಾಯನ್ನು ಡಾಕ್ಟರ ಕ್ವಾರ್ಟರ್ಸಿಗೆ ಓಡಿಸಿದರು. ಡಾಕ್ಟರು ಆ ಮಳೆಯಲ್ಲಿಯೇ ಬಂದರು, ಬೇಸರಪಟ್ಟುಕೊಳ್ಳಲಿಲ್ಲ. ಬೆನ್ನುಹುರಿಯ ನೀರನ್ನು ತೆಗೆದು ಪರೀಕ್ಷಿಸಿದಾಗ ಅದು ಮಿದುಳಿನ ಪೊರೆಗೆ ತಗಲಿದ ಸೋಂಕೆಂದು, ಮೆನಿಂಜೈಟಿಸ್ ಎಂದು, ತಿಳಿಯಿತು. ಮಿದುಳಿನ ಪೊರೆ ಉರಿಗೊಂಡಿರುವ ಕೂಸನ್ನು ಎತ್ತಿದರೆ ಕತ್ತು ಬೆನ್ನು ಎಳೆದು ನೋವು ಹೆಚ್ಚುತ್ತದೆ, ಆದ್ದರಿಂದಲೇ ತಾಯಿಯ ತೋಳೂ ಅದಕ್ಕೆ ಬೇಡವಾಗುತ್ತದೆ ಎಂಬುದು ವೈದ್ಯರ ಪುಸ್ತಕಗಳಲ್ಲಿಯೂ ಇರುವ ಲಕ್ಷಣವೆಂದು ನಾನು ಬಹಳ ಕಾಲದ ಮೇಲೆ ಓದಿ ತಿಳಿದೆ. ನನ್ನ ಹೆಂಡತಿ ಅದನ್ನು ಪುಸ್ತಕವಿಲ್ಲದೆ ಎರಡು ದಿನ ಮೊದಲೇ ಕಂಡಿದ್ದಳು.

ಮಗಳು ಉಳಿದಳು. ಬಲಗಿವಿ ಉಳಿಯಲಿಲ್ಲ. ಮದುವೆಮನೆಗಳಲ್ಲಿ ಅವಳು ಸುತ್ತಿಬಂದು ನಿಮ್ಮ ಬಲಕ್ಕೇ ಕೂರುವುದನ್ನು ಕಂಡು ಕೆಲವರು ತಮಾಷೆ ಮಾಡಿದ್ದೀರಿ. ತನ್ನ ಎಡಗಿವಿ ನಿಮ್ಮ ಕಡೆಗೆ ಇರಲೆಂದು ಹಾಗೆ ಕೂರುತ್ತಾಳೆ. ಎರಡು ದಿನ ಮೊದಲೇ ಚಿಕಿತ್ಸೆ ಆರಂಭವಾಗಿದ್ದರೆ ಆ ಕಿವಿ ಉಳಿಯುತ್ತಿದ್ದಿತೋ ಇಲ್ಲವೋ ಯಾರೂ ಹೇಳಲಾರರು. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದಾಗ “ಬರೀರಿ ಅಪ್ಪಾ, ನಿಮ್ಮ ಭಾಗವನ್ನೂ ಬಿಡದೆ ಬರೀರಿ” ಎಂದಳು.

ಈಗ ಮತ್ತೆ ಇತಿಹಾಸಕ್ಕೆ ಬರೋಣ. ತಾಯಿ ಪಕ್ಕದಲ್ಲಿಯೇ ಇದ್ದರೂ ಅವಳ ಮಾತು ಕೇಳಿಸದೆಹೋದ ಮೂರು ಘಟನೆಗಳು ಮೂರು ದೇಶಗಳಲ್ಲಿ ನಿಯಮಗಳನ್ನು ಹುಟ್ಟಿಸಿದವು.

ಮೊದಲನೆಯದು ಅಮೆರಿಕದ್ದು. ಹದಿನೆಂಟು ತಿಂಗಳ ಜೋಸಿ ಕಿಂಗ್ ಎಂಬ ಮಗು 2001ರ ಆರಂಭದಲ್ಲಿ ಸ್ನಾನದ ತೊಟ್ಟಿಯ ಬಿಸಿನೀರಿನಿಂದ ಸುಟ್ಟುಕೊಂಡು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯನ್ನು ಸೇರಿತು. ಅದು ಜಗತ್ತಿನ ಅತ್ಯಂತ ಹೆಸರಾಂತ ಆಸ್ಪತ್ರೆಗಳಲ್ಲೊಂದು. ಮಗು ಚೇತರಿಸಿಕೊಳ್ಳುತ್ತಿದ್ದಿತು. ಆಮೇಲೆ ಅದು ನೀರು ಕಂಡೊಡನೆ ಹಾತೊರೆಯುವುದನ್ನು, ಒದ್ದೆಬಟ್ಟೆಯನ್ನೇ ಹೀರುವುದನ್ನು ತಾಯಿ ಸಾರೆಲ್ ಕಿಂಗ್ ಕಂಡರು, ಹೇಳಿದರು. ಗಾಬರಿಯಾಗುವಂಥದ್ದೇನೂ ಇಲ್ಲವೆಂಬ ಉತ್ತರ ಬಂದಿತು. ನೀರಿನಂಶ ಬತ್ತಿದ್ದ ಮಗುವಿಗೆ, ಕೊಡಬಾರದಿದ್ದ ಪ್ರಬಲವಾದ ನೋವುಶಾಮಕವನ್ನೂ ಕೊಡಲಾಯಿತು. ಫೆಬ್ರವರಿ 22ರಂದು ಜೋಸಿ ತೀರಿಕೊಂಡಳು. ಪರಿಹಾರವಾಗಿ ಬಂದ ಹಣವನ್ನು ತಂದೆತಾಯಿಯರು ರೋಗಿಗಳ ಸುರಕ್ಷತೆಯ ಕೆಲಸಕ್ಕೆ ತೊಡಗಿಸಿದರು, ಅದೂ ಅದೇ ಆಸ್ಪತ್ರೆಯ ಜೊತೆಗೂಡಿ. ಅಷ್ಟು ದೊಡ್ಡ ಮನಸ್ಸು ನನಗೆ ಇರುತ್ತಿರಲಿಲ್ಲ. 2005ರಲ್ಲಿ ಪಿಟ್ಸ್‌ಬರ್ಗಿನ ಶೇಡಿಸೈಡ್ ಆಸ್ಪತ್ರೆಯಲ್ಲಿ, ರೋಗಿಯ ಮನೆಯವರೇ ತುರ್ತು ವೈದ್ಯತಂಡವನ್ನು ಕರೆಯಬಹುದೆಂಬ ವ್ಯವಸ್ಥೆ ಜಾರಿಗೆ ಬಂದದ್ದಕ್ಕೆ ಸಾರೆಲ್ ಅವರ ಮಾತುಗಳೇ ಪ್ರೇರಣೆ.

ಎರಡನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದು. ಮೂರು ವರ್ಷವೂ ತುಂಬದ ರಯಾನ್ ಸಾಂಡರ್ಸ್ ಎಂಬ ಮಗು 2007ರಲ್ಲಿ, ಸಮಯಕ್ಕೆ ಸರಿಯಾಗಿ ಗುರುತಿಸದ ಸೋಂಕಿನಿಂದ ತೀರಿಕೊಂಡಿತು. ತಂದೆತಾಯಿಯರು ಮಗು ಬಿಗಡಾಯಿಸುತ್ತಿದೆಯೆಂದು ಹೇಳುತ್ತಲೇ ಇದ್ದರು. 2013ರಲ್ಲಿ ಅಲ್ಲಿ ‘ರಯಾನ್ಸ್ ರೂಲ್’ ಬಂದಿತು. ಮೊದಲು ನರ್ಸ್‌ಗೆ ಅಥವಾ ಡಾಕ್ಟರಿಗೆ ಹೇಳಿ. ಸಮಾಧಾನವಾಗದಿದ್ದರೆ ಪಾಳಿಯ ಮುಖ್ಯ ನರ್ಸ್‌ಗೆ ಹೇಳಿ. ಆಗಲೂ ಇಲ್ಲವಾದರೆ ದೂರವಾಣಿ ಎತ್ತಿ. ಮೂರು ಮೆಟ್ಟಿಲು, ಅಷ್ಟೇ.

ಮೂರನೆಯದು ನನ್ನ ವಿದ್ಯಾರ್ಥಿನಿಯ ಗೋಡೆಯ ಮೇಲಿನ ಪ್ರಕಟಣೆಗೆ ಮೂಲವಾದದ್ದು. ಹದಿಮೂರು ವರ್ಷದ ಮಾರ್ಥಾ ಮಿಲ್ಸ್ 2021ರ ಬೇಸಿಗೆಯ ರಜೆಯಲ್ಲಿ ವೇಲ್ಸ್‌ನಲ್ಲಿ ಸೈಕಲ್ಲಿನಿಂದ ಬಿದ್ದಳು. ಹಿಡಿಕೆ ಹೊಟ್ಟೆಗೆ ಒತ್ತಿ ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಇಂಥ ಪೆಟ್ಟಿಗೆ ವಿಶೇಷ ಚಿಕಿತ್ಸೆ ದೊರೆಯುವ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಗೆ ಅವಳನ್ನು ಸೇರಿಸಿದರು. ಅಲ್ಲಿ ಸೋಂಕು ರಕ್ತಕ್ಕೆ ಹರಡಿತು. ತಾಯಿ ಮೆರೋಪಿ ಮಿಲ್ಸ್ ಪತ್ರಕರ್ತೆ. ಓದಿದವರು, ಮಾತು ಬಲ್ಲವರು. ಸಾಲು ರಜೆಯ ದಿನಗಳು ಬರುತ್ತಿವೆ, ಹಿರಿಯ ವೈದ್ಯರಿಲ್ಲದಾಗ ಮಗಳ ಸ್ಥಿತಿ ಕೈಮೀರಿದರೆ ಗತಿಯೇನೆಂದು ಅವರು ಮುಂಚೆಯೇ ಕೇಳಿದ್ದರು. ಸಮಾಧಾನದ ಮಾತು ಸಿಕ್ಕಿತು. ಅದೇ ಆಸ್ಪತ್ರೆಯಲ್ಲಿದ್ದ ತೀವ್ರ ನಿಗಾ ಘಟಕಕ್ಕೆ ಮಗುವನ್ನು ಸಕಾಲದಲ್ಲಿ ಸಾಗಿಸಲಿಲ್ಲ. ಆಗಸ್ಟ್ 31ರಂದು, ಹದಿನಾಲ್ಕು ತುಂಬಲು ಕೆಲವೇ ದಿನಗಳಿರುವಾಗ, ಮಾರ್ಥಾ ತೀರಿಕೊಂಡಳು. ಬೇಗನೆ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರೆ ಅವಳು ಬದುಕುವ ಸಂಭವವೇ ಹೆಚ್ಚಾಗಿದ್ದಿತೆಂದು 2022ರಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು; ಆಸ್ಪತ್ರೆಯೂ ಕ್ಷಮೆ ಕೇಳಿತು.

ಇವರು ಅನಕ್ಷರಸ್ಥರಲ್ಲ, ಬಡವರಲ್ಲ, ಭಾಷೆ ಬಾರದವರಲ್ಲ ಎಂಬುದನ್ನು ಗಮನಿಸಿ. ಹಳ್ಳಿಯಿಂದ ಬಂದ ತಾಯಿಗೆ ಡಾಕ್ಟರ ಮುಂದೆ ನಾಲಗೆ ಏಳುವುದಿಲ್ಲ, ಅದಕ್ಕೇ ಹೀಗಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಮೆರೋಪಿಯವರು ಬರೆದದ್ದನ್ನು ಓದಿದ ಮೇಲೆ ಆ ಎಣಿಕೆ ಬಿದ್ದುಹೋಯಿತು. ಮಾತು ಬಂದರೂ ಕೇಳಿಸದು.

ಏಕೆ ಕೇಳಿಸದು? ಆಸ್ಪತ್ರೆಯ ಸಿಬ್ಬಂದಿಗೆ ಹೃದಯವಿಲ್ಲವೆಂದಲ್ಲ. ಅವರ ಕಣ್ಣಿಗೆ ಬೀಳುವುದು ಆ ಮಗುವಿನ ಒಂದು ಪಾಳಿಯ ಹೊತ್ತು ಮಾತ್ರ. ನಿನ್ನೆ ಅದು ಹೇಗೆ ನಕ್ಕಿತ್ತೆಂಬುದು ಅವರಿಗೆ ತಿಳಿಯದು. ನಾಡಿ, ಉಸಿರು, ಜ್ವರ ಇವುಗಳಿಗೆ ಅಂಕಿಗಳಿವೆ, ಚಾರ್ಟಿನಲ್ಲಿ ಅವುಗಳಿಗೆ ಮನೆಗಳಿವೆ. ‘ಸಪ್ಪಗಿದೆ’ ಎಂಬ ಮಾತಿಗೆ ಮನೆಯಿಲ್ಲ. ಬರೆಯಲು ಜಾಗವಿಲ್ಲದ ಮಾತು ಪಾಳಿ ಬದಲಾದಾಗ ಕಳೆದುಹೋಗುತ್ತದೆ. ಮೇಲಾಗಿ ಎಲ್ಲ ತಾಯಂದಿರೂ ಗಾಬರಿಪಡುತ್ತಾರೆ, ಬಹುಪಾಲು ಮಕ್ಕಳು ಗುಣವಾಗಿಯೇ ಆಗುತ್ತಾರೆ. ಹಾಗಾಗಿ ಗಾಬರಿಯನ್ನು ಲೆಕ್ಕಕ್ಕಿಡದಿರುವುದು ನಿಧಾನವಾಗಿ ಅಭ್ಯಾಸವಾಗುತ್ತದೆ. ಅನುಮಾನ ಬಂದ ಕಿರಿಯ ನರ್ಸ್‌ಗೂ ಹಿರಿಯ ವೈದ್ಯರನ್ನು ಮೀರಿ ಇನ್ನೊಬ್ಬರನ್ನು ಕರೆಯುವ ಧೈರ್ಯ ಬರಬೇಕಲ್ಲ.

ಆದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಆದ ಮುಖ್ಯವಾದ ಕೆಲಸವೆಂದರೆ ಆ ಮಾತಿಗೆ ಚಾರ್ಟಿನಲ್ಲಿ ಒಂದು ಮನೆ ಕಟ್ಟಿಕೊಟ್ಟದ್ದು. 2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಿಗಾಗಿ ಬಂದ ಮಕ್ಕಳ ಮುನ್ನೆಚ್ಚರಿಕೆಯ ಚಾರ್ಟಿನಲ್ಲಿ ನಾಡಿ, ಉಸಿರುಗಳ ಜೊತೆಗೆ ತಂದೆತಾಯಿಯರ ಆತಂಕವನ್ನೂ ಕೇಳಿ ಬರೆದುಕೊಳ್ಳಬೇಕು. ಮಾರ್ಥಾಳ ಹೆಸರಿನ ನಿಯಮ 2024ರಲ್ಲಿ ಮೊದಲಿಗೆ 143 ಆಸ್ಪತ್ರೆಗಳಲ್ಲಿ ಆರಂಭವಾಗಿ, 2025ರಲ್ಲಿ ಇಂಗ್ಲೆಂಡಿನ ತೀವ್ರ ಚಿಕಿತ್ಸೆಯ ಆಸ್ಪತ್ರೆಗಳೆಲ್ಲಕ್ಕೂ ವಿಸ್ತರಿಸಿತು. ಗೋಡೆಯ ಮೇಲಿನ ದೂರವಾಣಿ ಸಂಖ್ಯೆಯು ಅದರ ಒಂದು ಭಾಗ ಮಾತ್ರ. ಸಿಬ್ಬಂದಿಯೂ ತಮ್ಮ ಮೇಲಿನವರನ್ನು ದಾಟಿ ಬೇರೆ ತಂಡವನ್ನು ಕರೆಯಬಹುದು ಎಂಬುದು ಇನ್ನೊಂದು ಭಾಗ. ದಿನಕ್ಕೊಮ್ಮೆಯಾದರೂ ರೋಗಿಯನ್ನೋ ಮನೆಯವರನ್ನೋ ನಿನ್ನೆಗಿಂತ ಹೇಗಿದೆಯೆಂದು ತಾವಾಗಿ ಕೇಳಬೇಕೆಂಬುದು ಮತ್ತೊಂದು ಭಾಗ. ನಾನು ಕೇಳಿದರೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡದು ಎಂದೇನು. ಫೋನ್ ಮಾಡಲು ಎಲ್ಲರಿಗೂ ಎದೆಗಾರಿಕೆಯಿರುವುದಿಲ್ಲ. ಕೇಳಿದಾಗ ಹೇಳಲು ಅಷ್ಟು ಎದೆಗಾರಿಕೆ ಬೇಕಾಗಿಲ್ಲ.

ಹೀಗೆ ಮಾಡಿದರೆ ಮನೆಯವರ ಕರೆಗಳ ಪ್ರವಾಹದಲ್ಲಿ ವೈದ್ಯರು ಕೊಚ್ಚಿಹೋಗುವರೆಂದು ಹೆದರಿದವರಿದ್ದರು. 2024ರ ಸೆಪ್ಟೆಂಬರಿನಿಂದ 2025ರ ಜೂನ್‌ವರೆಗೆ ಬಂದ ಕರೆಗಳು ಒಟ್ಟು ಸುಮಾರು 5,000. ಅವುಗಳಲ್ಲಿ 241 ಕರೆಗಳಿಂದ ಜೀವ ಉಳಿಸುವಂಥ ಚಿಕಿತ್ಸೆ ಸಾಧ್ಯವಾಗಿರಬಹುದೆಂದು ಅಲ್ಲಿನ ಆರೋಗ್ಯ ಸೇವೆ ಲೆಕ್ಕ ಕೊಟ್ಟಿತು. ಉಳಿದವೆಲ್ಲ ವ್ಯರ್ಥವೆಂದೂ ಅಲ್ಲ. ತಡವಾದ ಔಷಧ, ತಪ್ಪಿಹೋದ ಪರೀಕ್ಷೆ, ಯಾರೂ ವಿವರಿಸದ ಸಂಗತಿ ಇಂಥವೂ ಅವುಗಳಲ್ಲಿದ್ದವು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ಮಕ್ಕಳ ಆಸ್ಪತ್ರೆಯ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. 73,000ಕ್ಕೂ ಹೆಚ್ಚು ಬಾರಿ ಮಕ್ಕಳು ಆಸ್ಪತ್ರೆಗೆ ಬಂದ ದಾಖಲೆಗಳನ್ನು ಅವರು ನೋಡಿದ್ದರು. ಅಲ್ಲಿ ನಾಡಿ ನೋಡುವಾಗಲೆಲ್ಲ ಮಗು ಬಿಗಡಾಯಿಸುತ್ತಿದೆಯೆಂಬ ಚಿಂತೆ ನಿಮಗಿದೆಯೇ ಎಂದು ತಂದೆತಾಯಿಯರನ್ನೂ ಕೇಳುತ್ತಿದ್ದರು. ಹೌದೆಂದವರು ನೂರಕ್ಕೆ ಐದು ಮಂದಿಯೂ ಇಲ್ಲ. ಅವರ ಮಕ್ಕಳು ತೀವ್ರ ನಿಗಾ ಘಟಕವನ್ನು ಸೇರುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು. ಮಗುವಿನ ನಾಡಿ, ಉಸಿರು, ರಕ್ತದೊತ್ತಡಗಳ ಏರುಪೇರಿಗಿಂತಲೂ ತಂದೆತಾಯಿಯರ ಚಿಂತೆಯೇ ಹೆಚ್ಚು ಬಲವಾದ ಸೂಚನೆಯಾಗಿದ್ದಿತು. ಅವಳು ಕೇಳಿಸಿಕೊಂಡು, “ನೂರಕ್ಕೆ ಐದು ಜನವೂ ಇಲ್ಲವೆ? ಮತ್ತೆ ಹೆಂಗಸರಿಗೆ ಗಾಬರಿ ಜಾಸ್ತಿ ಅಂದದ್ದು ಯಾರು?” ಎಂದಳು. ನಾನು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ದೇಶದ ಪಾಲಿಗೆ ಒಂದೆರಡು ಮಾತು. 2003ರಿಂದ ನಮ್ಮಲ್ಲಿ ಜಾರಿಗೆ ಬಂದ, ನವಜಾತ ಶಿಶುಗಳ ಮತ್ತು ಮಕ್ಕಳ ಕಾಯಿಲೆಗಳ ನಿರ್ವಹಣೆಯ ಕೈಪಿಡಿಯಲ್ಲಿ ಆರೋಗ್ಯ ಕಾರ್ಯಕರ್ತೆಗೆ ಕಲಿಸುವ ಮೊದಲ ಕೆಲಸವೇ ತಾಯಿಯನ್ನು ಕೇಳುವುದು. ಮಗು ಕುಡಿಯುತ್ತಿದೆಯೇ, ತಿಂದದ್ದನ್ನೆಲ್ಲ ಕಾರಿಕೊಳ್ಳುತ್ತಿದೆಯೇ, ಫಿಟ್ಸ್ ಬಂದಿತ್ತೇ ಎಂಬ ಪ್ರಶ್ನೆಗಳು. ಅಂದರೆ ಇದು ಲಂಡನ್ನಿನಿಂದ ತರಬೇಕಾದ ಸರಕಲ್ಲ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಅನುಭವದ ಆಧಾರದ ಮೇಲೆ, ನವಜಾತ ಶಿಶುಗಳ ಘಟಕದೊಳಕ್ಕೆ ತಂದೆತಾಯಿಯರನ್ನು ಸೇರಿಸಿಕೊಂಡು ಅವರಿಂದಲೇ ಆರೈಕೆ ಮಾಡಿಸುವ ಪದ್ಧತಿಗೆ ಕೇಂದ್ರ ಸರ್ಕಾರ 2017ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಹಳ್ಳಿಯ ಉಪಕೇಂದ್ರದಲ್ಲಿ ಕೇಳುವ ಪ್ರಶ್ನೆಯನ್ನು ದೊಡ್ಡ ಆಸ್ಪತ್ರೆಯ ರೌಂಡ್ಸ್‌ನಲ್ಲಿಯೂ ಕೇಳಿದರೆ ಆಯಿತು. ನಿಮ್ಮಲ್ಲಿ ಡಾಕ್ಟರರೂ ನರ್ಸುಗಳೂ ಆಗಿರುವವರು ಎಂಟು ಹತ್ತು ಮಂದಿಯಾದರೂ ಇದ್ದೀರಿ. ನಿಮ್ಮ ವಾರ್ಡಿನಲ್ಲಿ ಹೇಗೆ ನಡೆಯುತ್ತದೆಯೆಂದು ನನಗೆ ಬರೆಯಿರಿ.

ಇದನ್ನು ಬರೆದು ಮುಗಿಸುವ ಮುನ್ನ ಆ ವಿದ್ಯಾರ್ಥಿನಿಗೆ ಫೋನ್ ಮಾಡಿದ್ದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಫೋನ್ ಇಸಿದುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು: “ಆ ನಂಬರಿಗೆ ಫೋನ್ ಮಾಡಿದರೆ ಎತ್ತುವವರು ಯಾರಮ್ಮಾ?”

“ಆ ವಾರ್ಡಿನವರಲ್ಲ ಅಮ್ಮಾ, ಬೇರೆ ತಂಡದ ಒಬ್ಬ ಹಿರಿಯ ನರ್ಸು. ಎತ್ತಿ, ಏನಾಗ್ತಿದೆ ಹೇಳಿ ಅಂತ ಕೇಳ್ತಾರೆ. ಆಮೇಲೆ ಹಾಸಿಗೆ ಹತ್ತಿರ ಬಂದು ನೋಡ್ತಾರೆ.”

“ರಾತ್ರಿ ಹೊತ್ತೂ ಬರ್ತಾರಾ?”

“ರಾತ್ರಿ ಹೊತ್ತೂ.”

ನನ್ನ ಹೆಂಡತಿ ಫೋನನ್ನು ನನಗೆ ಕೊಟ್ಟು ಒಳಗೆ ಹೋದಳು.